ಚಿಗುರು ಸುಟ್ಟಿದೆ, ಕಾಯಿಯ ತುದಿ ಕಪ್ಪಾಗಿದೆ: ಸುಣ್ಣದ ಚೀಲ ಬಿಚ್ಚುವ ಮುಂಚೆ

ಕೊಡಗಿನಲ್ಲಿ ಗಿಡಕ್ಕೆ ಏನೇ ಆದರೂ ಅಕ್ಕಪಕ್ಕದವರಿಂದ ಮೊದಲು ಬರುವ ಮಾತು ಒಂದೇ: "ಸ್ವಲ್ಪ ಸುಣ್ಣ ಹಾಕಿ ನೋಡಿ." ಮಾತು ಪೂರ್ತಿ ತಪ್ಪೇನಲ್ಲ, ಸುಣ್ಣದಿಂದ ಗಿಡಕ್ಕೆ ಸಿಗುವುದು ಕ್ಯಾಲ್ಸಿಯಂ. ಭಾಗಮಂಡಲ, ಮಡಿಕೇರಿ ಕಡೆ ಜೂನ್‌ನಿಂದ ಸುರಿಯುವ ಮಳೆ ಮಣ್ಣಿನಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡನ್ನೂ ತೊಳೆದು ತೋಡಿಗೆ ಹಾಕುತ್ತದೆ. ಉಳಿಯುವುದು ಹುಳಿ ಮಣ್ಣು. ಆದರೂ ಕ್ಯಾಲ್ಸಿಯಂ ಕೊರತೆ ಎಂದು ಕಾಣುವ ಎಷ್ಟೋ ಗಿಡಗಳ ಬುಡದಲ್ಲಿ ಕ್ಯಾಲ್ಸಿಯಂ ಇದ್ದೇ ಇರುತ್ತದೆ. ಮುಟ್ಟಬೇಕಾದ ಜಾಗಕ್ಕೆ ಮುಟ್ಟಿರುವುದಿಲ್ಲ, ಅಷ್ಟೆ. ಯಾಕೆ ಮುಟ್ಟಲಿಲ್ಲ ಎಂದು ಹುಡುಕಲು ಮೊದಮೊದಲು ಕಾಸು ಖರ್ಚಿಲ್ಲ. ಕಣ್ಣು, ಬೆರಳು, ಒಂದು ಬಿಳಿ ಹಾಳೆ, ಒಂದು ಗುದ್ದಲಿ ಇದ್ದರೆ ಸಾಕು.

ಹಿತ್ತಲ ತರಕಾರಿ, ಗದ್ದೆಯ ಹಸಿಮೆಣಸು, ಕಾಫಿ, ಕರಿಮೆಣಸು ಬೆಳೆಯುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದ್ದೇನೆ. ನಿಮ್ಮ ಗಿಡದಲ್ಲಿ ಏನು ಕಾಣುತ್ತಿದೆಯೋ ಆ ಭಾಗಕ್ಕೆ ನೇರ ಹೋಗಬಹುದು. ಆದರೆ ಮೊದಲ ಭಾಗವನ್ನು ಮಾತ್ರ ಬಿಡಬೇಡಿ, ಮಿಕ್ಕದ್ದೆಲ್ಲ ಅದರ ಮೇಲೆ ನಿಂತಿದೆ.

## ಎಲೆ ಕೆಟ್ಟಿದೆ, ಕಾರಣ ಗೊತ್ತಿಲ್ಲ

ಗಿಡದ ಎದುರು ನಿಂತು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಕೆಟ್ಟಿರುವುದು ಹಳೆ ಎಲೆಯೋ, ಹೊಸ ಚಿಗುರೋ?

ಕೆಳಗಿನ ಹಳೆ ಎಲೆಗಳು ಹಳದಿಯಾಗಿ ಚಿಗುರು ಹಸಿರಾಗಿಯೇ ಇದ್ದರೆ ಅದು ಕ್ಯಾಲ್ಸಿಯಂ ತೊಂದರೆ ಅಲ್ಲ. ಹಳೆ ಎಲೆ ಪೂರ್ತಿ ಮಾಸಿದ ಹಳದಿಯಾದರೆ ಸಾರಜನಕ, ಅಂಚಿನಿಂದ ಸುಡುತ್ತಾ ಬಂದರೆ ಪೊಟ್ಯಾಷ್, ನರ ಹಸಿರಾಗಿ ಉಳಿದು ನಡುವೆ ಹಳದಿಯಾದರೆ ಮೆಗ್ನೀಸಿಯಂ ಎಂದು ಅನುಮಾನಿಸಿ. ಈ ಮೂರನ್ನೂ ಗಿಡ ಹಳೆ ಎಲೆಯಿಂದ ಕಿತ್ತು ಚಿಗುರಿಗೆ ಸಾಗಿಸಬಲ್ಲದು. ಕ್ಯಾಲ್ಸಿಯಂನಲ್ಲಿ ಅದು ಆಗುವುದಿಲ್ಲ. ಎಲೆಗೆ ಒಮ್ಮೆ ಬಂದು ಸೇರಿದ ಕ್ಯಾಲ್ಸಿಯಂ ಆ ಎಲೆ ಉದುರುವ ತನಕ ಅಲ್ಲೇ. ಆದ್ದರಿಂದ ಅದರ ಕೊರತೆ ಕಾಣುವುದು ಬೆಳೆಯುವ ತುದಿಯಲ್ಲಿ, ಎಳೆ ಎಲೆಯ ಅಂಚಿನಲ್ಲಿ, ಕಾಯಿಯ ತುದಿಯಲ್ಲಿ, ಬೇರಿನ ಮೊನೆಯಲ್ಲಿ.

ಯಾಕೆ ಹೀಗೆ ಎಂಬುದಕ್ಕೆ ಉತ್ತರ ಜೀವಕೋಶದ ಒಳಗಿದೆ. ಕೋಶದ ಒಳದ್ರವದಲ್ಲಿ ಬಿಡಿಯಾಗಿ ಓಡಾಡುವ ಕ್ಯಾಲ್ಸಿಯಂ ಲೀಟರಿಗೆ ಹೆಚ್ಚುಕಡಿಮೆ 4 ಮೈಕ್ರೋಗ್ರಾಂ ಮಾತ್ರ. ಅದೇ ಕೋಶದ ಗೋಡೆಯ ಕಡೆ ಮತ್ತು ಒಳಗಿನ ರಸದ ಚೀಲದಲ್ಲಿ ಅದರ ಹತ್ತು ಸಾವಿರ ಪಟ್ಟಿನ ಆಸುಪಾಸು ಇರುತ್ತದೆ. ಒಳದ್ರವಕ್ಕೆ ನುಸುಳಿದ್ದನ್ನು ಹೊರದಬ್ಬುವ ಪಂಪುಗಳು ಹಗಲೂ ರಾತ್ರಿ ದುಡಿಯುತ್ತಲೇ ಇರುತ್ತವೆ. ಇಷ್ಟು ಕಷ್ಟಪಡುವುದಕ್ಕೆ ಎರಡು ಕಾರಣ. ಕ್ಯಾಲ್ಸಿಯಂ ಹೆಚ್ಚಾದರೆ ಕೋಶದ ಶಕ್ತಿ ವ್ಯವಹಾರಕ್ಕೆ ಬೇಕಾದ ಫಾಸ್ಫೇಟ್ ಅದರ ಜೊತೆ ಸೇರಿ ಗಟ್ಟಿಯಾಗಿ ತಳಕ್ಕೆ ಇಳಿಯುತ್ತದೆ. ಎರಡನೆಯದು ಇನ್ನೂ ಸ್ವಾರಸ್ಯದ್ದು: ಒಳಗೆ ಇಷ್ಟು ಕಡಿಮೆ ಇರುವುದರಿಂದಲೇ ಒಂಚೂರು ಒಳಬಂದರೂ ಅದು ಸುದ್ದಿಯಾಗುತ್ತದೆ. ಮಳೆಗಾಲದ ರಾತ್ರಿ ಕರೆಂಟು ಹೋದ ಮನೆಯಲ್ಲಿ ಒಂದು ಬೆಂಕಿಕಡ್ಡಿ ಗೀರಿದರೂ ಎಲ್ಲರ ಕಣ್ಣು ಅತ್ತ ತಿರುಗುವ ಹಾಗೆ.

ಹೋಲಿಕೆ ಸುಮ್ಮನೆ ಕೊಟ್ಟದ್ದಲ್ಲ, ಈ ಸುದ್ದಿಯನ್ನು ವಿಜ್ಞಾನಿಗಳು ಬೆಳಕಾಗಿಯೇ ನೋಡಿದ್ದಾರೆ. 1991ರಲ್ಲಿ ಎಡಿನ್‌ಬರೋದ ಸಂಶೋಧಕರು ಕ್ಯಾಲ್ಸಿಯಂ ತಗುಲಿದರೆ ಮಿನುಗುವ ಅಂಬಲಿ ಮೀನಿನ ಪ್ರೋಟೀನನ್ನು ತಂಬಾಕು ಗಿಡದಲ್ಲಿ ಬೆಳೆಯುವಂತೆ ಮಾಡಿದರು. ಗಿಡವನ್ನು ಮುಟ್ಟಿದರೂ, ತಣ್ಣೀರು ಸೋಕಿಸಿದರೂ ಅದು ಕ್ಷಣದಲ್ಲಿ ಮಿನುಗಿತು. 2018ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸೈಮನ್ ಗಿಲ್ರಾಯ್ ಪ್ರಯೋಗಾಲಯದವರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಸಾಸಿವೆಯ ಬಳಗದ ಅರಬಿಡಾಪ್ಸಿಸ್ ಎಂಬ ಪುಟ್ಟ ಗಿಡದ ಒಂದು ಎಲೆಯನ್ನು ಹುಳು ಕಡಿದರೆ ಒಂದೆರಡು ನಿಮಿಷದೊಳಗೆ ಕ್ಯಾಲ್ಸಿಯಂ ಅಲೆ ದೂರದ ಎಲೆಗಳಿಗೂ ಹರಿಯುವುದನ್ನು ಚಿತ್ರೀಕರಿಸಿದರು. ನಮ್ಮ ತೋಟದ ಬದಿಯಲ್ಲಿ ಕಾಲಿಗೆ ಪರಚುವ ಮುಟ್ಟಿದರೆ ಮುನಿಯೂ ಇದೇ ದಾರಿ ಹಿಡಿಯುತ್ತದೆ. ಎಲೆ ಮಡಚುವ ಮುನ್ನ ಅದರ ಬುಡದ ಗಂಟಿನಲ್ಲಿ ಕ್ಯಾಲ್ಸಿಯಂ ಏರುತ್ತದೆ ಎಂದು 2022ರಲ್ಲಿ ಜಪಾನಿನಲ್ಲಿ ತೋರಿಸಿದರು.

ಈಗ ನಮ್ಮ ಚಿಗುರಿಗೆ ಬರೋಣ. ಸಕ್ಕರೆ ಸಾಗಿಸುವ ಫ್ಲೋಯಂ ಕೊಳವೆ ಜೀವಂತ ಕೋಶಗಳದ್ದು. ಅಲ್ಲಿಯೂ ಇದೇ ಕಟ್ಟುನಿಟ್ಟು, ಕ್ಯಾಲ್ಸಿಯಂಗೆ ಹೆಚ್ಚು ಕಡಿಮೆ ಪ್ರವೇಶವಿಲ್ಲ. ಹಾಗಾಗಿ ಅದಕ್ಕೆ ಉಳಿಯುವುದು ನೀರು ಏರುವ ಕ್ಸೈಲಂ ದಾರಿ ಒಂದೇ. ನೀರು ಎಲ್ಲಿಗೆ ಹೋಗುತ್ತದೋ ಕ್ಯಾಲ್ಸಿಯಂ ಅಲ್ಲಿಗೆ. ನೀರು ನಿಂತರೆ ಅದೂ ನಿಂತಿತು. ಮುಂದಿನ ಪ್ರತಿ ಪರೀಕ್ಷೆಯಲ್ಲೂ ನಾವು ಹಿಂಬಾಲಿಸುವುದು ನೀರನ್ನೇ.

## ಟೊಮೆಟೊ, ಹಸಿಮೆಣಸಿನ ಕಾಯಿ ತುದಿಯಲ್ಲಿ ಕಪ್ಪಾಗುತ್ತಿದೆ

ಕಾಯಿಯನ್ನು ಕೈಗೆ ತೆಗೆದುಕೊಂಡು ತಿರುಗಿಸಿ. ತೊಟ್ಟಿನ ಕಡೆ ಅಲ್ಲ, ಹೂ ಉದುರಿದ ತುದಿಯಲ್ಲಿ ಮೊದಲು ನೀರು ತುಂಬಿದಂತೆ ಮಂಕಾದ ಕಲೆ, ಆಮೇಲೆ ಕಂದು, ಕೊನೆಗೆ ಕಪ್ಪಾಗಿ ಒಳಗೆ ಕುಸಿದು ಚರ್ಮದ ಹಾಗೆ ಒರಟಾದ ಚಪ್ಪಟೆ ಜಾಗ. ಬೆರಳಿನಿಂದ ಒತ್ತಿದರೆ ಒಣಗಿದ ಗಟ್ಟಿ, ಕೊಳೆತ ಮೆತ್ತಗಲ್ಲ. ಇದು ತುದಿ ಕೊಳೆ. ಹೆಸರಿನಲ್ಲಿ ಕೊಳೆ ಇದ್ದರೂ ಇದನ್ನು ತರುವ ಶಿಲೀಂಧ್ರವಿಲ್ಲ, ಪಕ್ಕದ ಗಿಡಕ್ಕೆ ಹರಡುವುದಿಲ್ಲ. ಶಿಲೀಂಧ್ರನಾಶಕಕ್ಕೆ ಹಣ ಹಾಕಬೇಡಿ.

ಇದರ ಹಾಗೆ ಕಾಣುವ ಬೇರೆ ಮೂರು ಇವೆ. ಉಂಗುರ ಉಂಗುರವಾಗಿ ಹಬ್ಬಿ ನಡುವೆ ಕಪ್ಪು ಅಥವಾ ಗುಲಾಬಿ ಪುಡಿ ಕಂಡರೆ ಚಿಬ್ಬು ರೋಗ. ಬಿಸಿಲಿಗೆ ಮುಖಮಾಡಿದ ಬದಿ ಮಾತ್ರ ಬಿಳಿಚಿ ಕಾಗದದಂತಾಗಿದ್ದರೆ ಬಿಸಿಲ ಸುಡು. ತೂತೂ ಹಿಕ್ಕೆಯೂ ಇದ್ದರೆ ಕಾಯಿಕೊರಕ.

ತುದಿ ಕೊಳೆಯೇ ಎಂದು ಖಾತ್ರಿಯಾದರೆ ಹೀಗೆ ಹೋಗಿ.

ಮೊದಲು ನೀರು. ಬುಡದ ಮಣ್ಣಿಗೆ ಬೆರಳನ್ನು ಎರಡು ಗೆಣ್ಣಿನ ಆಳ ಇಳಿಸಿ. ಒಂದು ದಿನ ಕೆಸರು, ನಾಲ್ಕು ದಿನ ಬಿರುಕು ಎಂಬಂಥ ನೀರಾವರಿ ಇದ್ದರೆ ಕಾರಣ ಬಹುಮಟ್ಟಿಗೆ ಸಿಕ್ಕಿತು. ಮಣ್ಣು ಒಣಗಿದಾಗ ಗಿಡದಲ್ಲಿ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ಏರುತ್ತದೆ, ಎಲೆಯಿಂದ ನೀರು ಆರುವ ಪತ್ರರಂಧ್ರದ ಕಾವಲು ಕೋಶಗಳಲ್ಲಿ ಕ್ಯಾಲ್ಸಿಯಂ ಏರಿಳಿಯುತ್ತದೆ, ಆ ಸೂಚನೆಗೆ ರಂಧ್ರ ಮುಚ್ಚುತ್ತದೆ. ಗಿಡ ಬದುಕಿಕೊಳ್ಳುತ್ತದೆ. ಆದರೆ ನೀರಿನ ಓಟ ನಿಂತದ್ದರಿಂದ ಕಾಯಿಗೆ ಹೋಗಬೇಕಾಗಿದ್ದ ಕ್ಯಾಲ್ಸಿಯಂ ದಾರಿಯಲ್ಲೇ ಉಳಿಯುತ್ತದೆ. ಕ್ಯಾಲ್ಸಿಯಂ ಕೊಟ್ಟ ಸುದ್ದಿಯೇ ಕ್ಯಾಲ್ಸಿಯಂ ಬರುವ ಬಾಗಿಲನ್ನು ಮುಚ್ಚಿಸಿತು! ಶನಿವಾರಸಂತೆ ಕಡೆ ಭತ್ತ ಕೊಯ್ದ ಗದ್ದೆಯಲ್ಲಿ ಬೇಸಿಗೆಯ ಹಸಿಮೆಣಸು ಹಾಕುವವರು ಇದನ್ನು ಗಮನಿಸಬೇಕು. ಗದ್ದೆ ಮಣ್ಣು ಮೇಲೆ ಒಣಗಿ ಬಿರಿದರೂ ಕೆಳಗೆ ಗಟ್ಟಿ ಪದರವಿರುತ್ತದೆ, ಬೇರು ಆಳಕ್ಕೆ ಇಳಿಯುವುದಿಲ್ಲ, ನೀರು ಒಂದು ಸಲ ತಪ್ಪಿದರೂ ಗಿಡಕ್ಕೆ ಗೊತ್ತಾಗುತ್ತದೆ. ಸ್ವಲ್ಪ ಸ್ವಲ್ಪ, ಬೇಗ ಬೇಗ ನೀರು ಕೊಡಿ. ಬುಡಕ್ಕೆ ದರಗು ಅಥವಾ ಹುಲ್ಲಿನ ಹೊದಿಕೆ ಹಾಕಿ. ಖರ್ಚಿಲ್ಲದ ಚಿಕಿತ್ಸೆ ಇದು, ಎಷ್ಟೋ ಕಡೆ ಇಷ್ಟೇ ಸಾಕಾಗುತ್ತದೆ.

ಎರಡನೆಯದು ಗೊಬ್ಬರ. ಗಿಡ ಕಡುಹಸಿರಾಗಿ, ಸೊಕ್ಕಿ, ಎಲೆಯೇ ಎಲೆಯಾಗಿ ನಿಂತಿದೆಯೇ? ಹಾಗಿದ್ದರೆ ಯೂರಿಯಾ ಹೆಚ್ಚಾಗಿದೆ. ಅಗಲ ಎಲೆ ನೀರನ್ನೆಲ್ಲ ತನ್ನ ಕಡೆ ಎಳೆದುಕೊಳ್ಳುತ್ತದೆ. ಕಾಯಿ ತನ್ನ ನುಣುಪು ಸಿಪ್ಪೆಯಿಂದ ನೀರನ್ನು ಆವಿ ಮಾಡುವುದೇ ಅಪರೂಪ, ಪೈಪೋಟಿಯಲ್ಲಿ ಅದು ಸೋಲುತ್ತದೆ. ಜೊತೆಗೆ ಅಮೋನಿಯಂ ರೂಪದ ಸಾರಜನಕವೂ ಪೊಟ್ಯಾಷಿಯಂ ಕೂಡ ಬೇರಿನ ಬಾಯಲ್ಲಿ ಕ್ಯಾಲ್ಸಿಯಂಗೆ ಅಡ್ಡ ನಿಲ್ಲುತ್ತವೆ. ಮುಂದಿನ ಕಂತು ನಿಲ್ಲಿಸಿ.

ಇವೆರಡೂ ಸರಿಯಿದ್ದು ಹೊಸ ಕಾಯಿ ಇನ್ನೂ ಕೆಡುತ್ತಿದ್ದರೆ ಮಾತ್ರ ಸಿಂಪಡಣೆ. ಲೀಟರ್ ನೀರಿಗೆ 5 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್, ಮೊದಲು ನಾಲ್ಕೈದು ಗಿಡಕ್ಕೆ ಹೊಡೆದು ಎರಡು ದಿನ ನೋಡಿ. ಎಲೆಗೆ ಬಿದ್ದದ್ದು ಕಾಯಿಗೆ ಇಳಿಯುವುದಿಲ್ಲ ಎಂಬುದು ನೆನಪಿರಲಿ, ಕಡಲೆಯಿಂದ ಗೋಲಿ ಗಾತ್ರದ ಎಳೆ ಕಾಯಿಯೇ ನೆನೆಯಬೇಕು. ಸುಡು ಬಿಸಿಲಲ್ಲಿ ಹೊಡೆಯಬೇಡಿ. ಇದನ್ನು ಡಿಎಪಿ, ಇತರ ರಂಜಕ ಗೊಬ್ಬರ, ಮೆಗ್ನೀಸಿಯಂ ಸಲ್ಫೇಟ್ ಇವುಗಳ ಜೊತೆ ಒಂದೇ ಡ್ರಮ್ಮಿನಲ್ಲಿ ಕಲಸಿದರೆ ತಳದಲ್ಲಿ ಬಿಳಿ ಗಷ್ಟು ಕೂರುತ್ತದೆ, ನಳಿಕೆ ಕಟ್ಟುತ್ತದೆ, ಗಿಡಕ್ಕೆ ಎರಡೂ ಸಿಗುವುದಿಲ್ಲ.

## ಚಿಗುರು ಮುರುಟಿದೆ, ತುದಿ ಸತ್ತಿದೆ

ಇಲ್ಲಿ ಅವಸರ ಬೇಡ. ಎಲೆ ಮುಟುರಿಗೆ ಕ್ಯಾಲ್ಸಿಯಂಗಿಂತ ಹುಳುವೇ ಕಾರಣವಾಗಿರುವುದು ಹೆಚ್ಚು. ಚಿಗುರಿನ ಕೆಳಗೆ ಬಿಳಿ ಹಾಳೆ ಹಿಡಿದು ಎರಡು ಸಲ ತಟ್ಟಿ. ಸೂಜಿಮೊನೆಯಷ್ಟು ತೆಳ್ಳಗಿನ, ಹಳದಿ ಅಥವಾ ಕಂದು ಹುಳು ಸರಸರ ಓಡಿದರೆ ಥ್ರಿಪ್ಸ್. ಮೆಣಸಿನ ಗಿಡದಲ್ಲಿ ಥ್ರಿಪ್ಸ್ ಇದ್ದರೆ ಎಲೆಯ ಅಂಚು ದೋಣಿಯಂತೆ ಮೇಲಕ್ಕೆ ಮಡಚುತ್ತದೆ, ಮೈಟ್ ನುಸಿ ಇದ್ದರೆ ಕೆಳಕ್ಕೆ ಬಾಗಿ ಎಲೆ ಉದ್ದವಾಗುತ್ತದೆ. ನುಸಿ ಬರಿಗಣ್ಣಿಗೆ ಸಿಗುವುದು ಕಷ್ಟ, ಭೂತಗನ್ನಡಿ ಬೇಕು. ಎಲೆ ಚಿಕ್ಕದಾಗಿ ಗುಚ್ಛಗಟ್ಟಿ, ಹಸಿರು ಹಳದಿ ತೇಪೆ ಇದ್ದರೆ ನಂಜು ರೋಗ, ಅಂಥ ಗಿಡ ಕಿತ್ತು ದೂರ ಹಾಕಿ.

ಹುಳುವೂ ಇಲ್ಲ, ತೇಪೆಯೂ ಇಲ್ಲ, ಆದರೆ ಎಳೆ ಎಲೆಯ ಅಂಚು ಸುಟ್ಟು, ತುದಿ ಕೊಕ್ಕೆಯಂತೆ ಬಾಗಿದೆ ಎಂದರೆ ಈಗ ಕ್ಯಾಲ್ಸಿಯಂ ಅಥವಾ ಬೋರಾನ್. ಎರಡನ್ನೂ ಕಣ್ಣಿನಿಂದ ಬೇರ್ಪಡಿಸುವುದು ಅನುಭವಿಗಳಿಗೂ ಕಷ್ಟ. ಬೋರಾನ್ ಕೊರತೆಯಲ್ಲಿ ಎಲೆ ಬಿರುಸಾಗಿ ಪಟ್ಟನೆ ಮುರಿಯುತ್ತದೆ, ಕಾಫಿಯಲ್ಲಿ ತುದಿ ಸತ್ತು ಅದರ ಕೆಳಗಿನಿಂದ ಬೀಸಣಿಗೆಯಂತೆ ಹಲವು ಕವಲು ಹೊರಡುತ್ತವೆ. ಬೋರಾಕ್ಸನ್ನು ಅಂದಾಜಿನ ಮೇಲೆ ಹಾಕಬೇಡಿ. ಬೇಕಾದ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ತೀರ ಕಡಿಮೆ.

ಆಮೇಲೆ ಬೆಳಗಿನ ಪರೀಕ್ಷೆ, ನನಗೆ ತುಂಬಾ ಇಷ್ಟವಾದದ್ದು. ಸೂರ್ಯ ಏರುವ ಮುನ್ನ ಗಿಡದ ಹತ್ತಿರ ಕುಕ್ಕರಗಾಲಲ್ಲಿ ಕೂತು ಎಲೆ ನೋಡಿ. ಇಬ್ಬನಿ ಎಲೆಯ ಮೇಲೆಲ್ಲ ತೆಳುವಾಗಿ ಹರಡಿರುತ್ತದೆ. ಅದರಿಂದ ಬೇರೆಯಾಗಿ, ಅಂಚಿನ ಹಲ್ಲು ಹಲ್ಲಿನ ತುದಿಗೊಂದೊಂದು ದುಂಡು ಹನಿ ಸಾಲಾಗಿ ನಿಂತಿದ್ದರೆ ಅದು ಗಿಡದ ಒಳಗಿನಿಂದ ಬಂದ ನೀರು. ಕೆಸುವಿನ ಎಲೆಯ ತುದಿಯಿಂದ ತೊಟ್ಟಿಕ್ಕುವುದೂ ಇದೇ. ರಾತ್ರಿ ಬೇರು ಒತ್ತಡ ಹಾಕಿ ನೀರು ಮೇಲೆ ತಳ್ಳಿದೆ ಎಂದರ್ಥ, ಅಂದರೆ ಬೇರು ನೆಟ್ಟಗಿದೆ. ಎಲೆಕೋಸಿನ ಒಳ ಸುರುಳಿಯಂಥ ಗಾಳಿಯಾಡದ ಜಾಗಕ್ಕೆ ಕ್ಯಾಲ್ಸಿಯಂ ಮುಟ್ಟುವುದೇ ಹೆಚ್ಚಾಗಿ ಈ ರಾತ್ರಿಯ ತಳ್ಳಾಟದಿಂದ. ಮಣ್ಣು ಹಸಿಯಿದ್ದು, ಗಾಳಿ ತೇವವಿದ್ದು, ಪಕ್ಕದ ಗಿಡದಲ್ಲಿ ಹನಿಯಿದ್ದು, ಈ ಗಿಡದಲ್ಲಿ ಮಾತ್ರ ಇಲ್ಲದಿದ್ದರೆ ಬೇರನ್ನು ಅಗೆದು ನೋಡುವ ಸಮಯ ಬಂದಿದೆ.

ಆಷಾಢದ ಮಂಜಿನಲ್ಲಿ, ಅಥವಾ ಪ್ಲಾಸ್ಟಿಕ್ ಹೊದಿಸಿದ ನೆರಳು ಮನೆಯೊಳಗೆ ಚಿಗುರಂಚು ಸುಟ್ಟರೆ ಗಾಳಿ ಆಡಲು ಬಿಡಿ. ನೂರಕ್ಕೆ ನೂರು ತೇವದಲ್ಲಿ ಎಲೆಯಿಂದ ನೀರು ಆರುವುದು ಬಹುತೇಕ ನಿಲ್ಲುತ್ತದೆ, ಬುಡಕ್ಕೆ ಏನು ಸುರಿದರೂ ಮೇಲೆ ಏರುವುದು ತೀರ ಕಡಿಮೆ.

## ಮಣ್ಣು ಹಸಿಯಾಗಿದೆ, ಗಿಡ ಬಾಡಿದೆ

ಮಧ್ಯಾಹ್ನ ಜೋತುಬಿದ್ದು ಸಂಜೆಗೆ ಎದ್ದು ನಿಂತರೆ ಚಿಂತೆ ಇಲ್ಲ. ಬೆಳಿಗ್ಗೆಯೂ ಬಾಡಿಯೇ ಇದ್ದರೆ ಪೋಷಕಾಂಶದ ಲೆಕ್ಕ ಬಿಡಿ, ಇದು ರೋಗ.

ಟೊಮೆಟೊ, ಮೆಣಸಿನ ಗಿಡ, ಶುಂಠಿಯಲ್ಲಿ ಗಾಜಿನ ಲೋಟದ ಪರೀಕ್ಷೆ ಮಾಡಿ. ಬುಡದ ಹತ್ತಿರ ಕಾಂಡವನ್ನು ಓರೆಯಾಗಿ ಕತ್ತರಿಸಿ, ತಿಳಿನೀರಿನ ಲೋಟದಲ್ಲಿ ತುದಿ ಮಾತ್ರ ಮುಳುಗುವಂತೆ ಅಲ್ಲಾಡಿಸದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಕತ್ತರಿಸಿದ ಜಾಗದಿಂದ ಹಾಲಿನಂಥ ಬಿಳಿ ನೂಲು ಇಳಿಯತೊಡಗಿದರೆ ದುಂಡಾಣು ಸೊರಗು ರೋಗ. ಆ ಗಿಡವನ್ನು ಬೇರುಸಹಿತ ಕಿತ್ತು ಸುಡಿ. ಕತ್ತಿ, ಗುದ್ದಲಿ ತೊಳೆಯದೆ ಮುಂದಿನ ಸಾಲಿಗೆ ಹೋಗಬೇಡಿ, ಆ ಪಾತಿಯ ನೀರು ಕೆಳಗಿನ ಪಾತಿಗೆ ಹರಿಯದಂತೆ ತಡೆಯಿರಿ.

ಕರಿಮೆಣಸಿನ ಬಳ್ಳಿ ಮಳೆಗಾಲದಲ್ಲಿ ಹಸಿರೆಲೆ ಸಮೇತ ಉದುರಿಸತೊಡಗಿದರೆ, ಎಲೆಯ ಮೇಲೆ ಅಂಚು ಕುಚ್ಚಿನಂತೆ ಹರಡಿದ ಕಪ್ಪು ಮಚ್ಚೆ ಇದ್ದರೆ ಶೀಘ್ರ ಸೊರಗು ರೋಗ. ಇಲ್ಲಿ ಸ್ವಂತ ಪ್ರಯೋಗ ನಿಲ್ಲಿಸಿ. ಅದೇ ದಿನ ಅಪ್ಪಂಗಳದ ಸಂಬಾರ ಬೆಳೆ ಸಂಶೋಧನಾ ಕೇಂದ್ರವನ್ನೋ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರವನ್ನೋ ಕೇಳಿ. ಒಂದು ವಾರ ಕಾದರೆ ಬಳ್ಳಿ ಇರುವುದಿಲ್ಲ.

ಕಾಫಿಯಲ್ಲಿ ಮಳೆಯ ನಡುವೆ ಎಲೆ ಕಪ್ಪಾಗಿ, ಉದುರದೆ ನೂಲಿನಂಥ ಎಳೆಯಲ್ಲಿ ನೇತಾಡುತ್ತಿದ್ದರೆ ಅದು ಕೊಳೆ ರೋಗ. ಎಲೆ ಹಳದಿಯಾಗಿ ಕಾಯಿಯೂ ಉದುರುತ್ತಿದ್ದು ಬುಡದಲ್ಲಿ ನೀರು ನಿಂತಿದ್ದರೆ ಬೇರಿಗೆ ಉಸಿರು ಕಟ್ಟಿದೆ. ಚರಂಡಿ ಬಿಡಿಸಿ, ಬುಡಕ್ಕೆ ಒತ್ತಿಕೊಂಡ ದರಗು ಸರಿಸಿ. ಆ ಹೊತ್ತಿಗೆ ಸುಣ್ಣ ಹಾಕಿದರೆ ಮಳೆ ಅದನ್ನೂ ಕೊಚ್ಚಿಕೊಂಡು ಹೋಗುತ್ತದೆ.

## ಬೇರು ಅಗೆದು ನೋಡಿದಾಗ

ಬುಡದಿಂದ ಒಂದಡಿ ದೂರದಲ್ಲಿ ಮೆಲ್ಲಗೆ ಅಗೆದು ಒಂದು ಹಿಡಿ ಎಳೆ ಬೇರು ಎತ್ತಿ, ನೀರಲ್ಲಿ ಜಾಲಿಸಿ ಬಿಳಿ ತಟ್ಟೆಯಲ್ಲಿ ಹರಡಿ. ಮೊನೆ ಬಿಳಿ ಅಥವಾ ಕೆನೆ ಬಣ್ಣವಿದ್ದು ಸಣ್ಣ ಕವಲು ಸಾಕಷ್ಟಿದ್ದರೆ ಆರೋಗ್ಯ. ಕಪ್ಪಾಗಿ, ಎಳೆದರೆ ಸಿಪ್ಪೆ ಕಳಚಿ ನಾರುವಾಸನೆ ಬಂದರೆ ನೀರು ನಿಂತಿದೆ. ಗಂಟು ಗಂಟಿದ್ದರೆ ಜಂತುಹುಳು. ಮೊನೆ ಮೊಂಡಾಗಿ, ದಪ್ಪಗೆ, ಕಂದಾಗಿ, ಕವಲೇ ಇಲ್ಲದಿದ್ದರೆ ಅಲ್ಯೂಮಿನಿಯಂ ಹಾವಳಿಯನ್ನು ಅನುಮಾನಿಸಿ. ಮಣ್ಣಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 5.5ಕ್ಕಿಂತ ಇಳಿಯುತ್ತಾ ಹೋದಂತೆ ಜೇಡಿಯಲ್ಲಿ ಬಂಧಿಯಾಗಿದ್ದ ಅಲ್ಯೂಮಿನಿಯಂ ಕರಗಿ ಹೊರಬರುತ್ತದೆ. ಬೇರಿನ ಮೊನೆಯಲ್ಲಿ ಕ್ಯಾಲ್ಸಿಯಂ ಒಳಹೋಗುವ ಕಾಲುವೆಗಳನ್ನೇ ಅದು ಅಡ್ಡಗಟ್ಟುತ್ತದೆ, ಮೊನೆಯ ಬೆಳವಣಿಗೆ ನಿಲ್ಲುತ್ತದೆ. ಸುಣ್ಣಕ್ಕೆ ನಿಜವಾದ ಕೆಲಸ ಇರುವುದು ಇಲ್ಲಿ.

ಆದರೂ ಎಷ್ಟು ಎಂಬುದನ್ನು ಮಣ್ಣು ಪರೀಕ್ಷೆಯೇ ಹೇಳಬೇಕು. ಗೊಬ್ಬರ ಹಾಕುವ ಮುಂಚೆ, ತೋಟದಲ್ಲಿ ಅಂಕುಡೊಂಕಾಗಿ ನಡೆಯುತ್ತಾ ಹತ್ತಾರು ಕಡೆ ಒಂದು ಗೇಣು ಆಳದ ಮಣ್ಣು ತೆಗೆದು, ಕಲಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಕಳಿಸಿ. ಬಾಣೆ (ಗದ್ದೆಯ ಮೇಲಿನ ದಿಣ್ಣೆ ಜಾಗ) ಮಣ್ಣು ಬೇರೆ ಚೀಲ, ಗದ್ದೆ ಮಣ್ಣು ಬೇರೆ ಚೀಲ. ಕಾಫಿಗೆ ಪಿಎಚ್ 6ರಿಂದ 6.5ರ ನಡುವೆ ಹಿತ. ಕಾಫಿ ತೋಟದವರಿಗೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಹಣ್ಣು ತರಕಾರಿಯವರಿಗೆ ಅದೇ ಚೆಟ್ಟಳ್ಳಿಯ ಕೇಂದ್ರೀಯ ತೋಟಗಾರಿಕಾ ಪ್ರಯೋಗ ಕೇಂದ್ರ ಹತ್ತಿರ.

ಪಿಎಚ್ ಕಡಿಮೆ ಇದ್ದರೆ ಕೃಷಿ ಸುಣ್ಣ. ಮೆಗ್ನೀಸಿಯಂ ಕೂಡ ಕಡಿಮೆಯಿದ್ದರೆ ಡೊಲೊಮೈಟ್. ಪಿಎಚ್ ಸರಿಯಿದ್ದು ಕ್ಯಾಲ್ಸಿಯಂ ಮಾತ್ರ ಬೇಕಿದ್ದರೆ ಜಿಪ್ಸಂ, ಅದು ಹುಳಿ ಇಳಿಸುವುದಿಲ್ಲ. ಸುಣ್ಣವನ್ನೂ ಯೂರಿಯಾವನ್ನೂ ಒಟ್ಟಿಗೆ ಎರಚಿದರೆ ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ, ನಡುವೆ ಕೆಲವು ವಾರ ಬಿಡಿ.

ಸುಟ್ಟ ಸುಣ್ಣ ಮುಟ್ಟುವವರಿಗೆ ಒಂದು ಎಚ್ಚರಿಕೆ. ನೀರು ತಗುಲಿದ ಕೂಡಲೇ ಅದು ಕುದಿಯುತ್ತದೆ, ಎಗರುತ್ತದೆ. ನೀರಿಗೆ ಸುಣ್ಣವನ್ನು ಸ್ವಲ್ಪ ಸ್ವಲ್ಪ ಹಾಕಿ, ಸುಣ್ಣದ ರಾಶಿಗೆ ನೀರು ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟ್ ಬೇಡ. ಕನ್ನಡಕ, ಕೈಗವಸು, ಬೂಟು ಇಲ್ಲದೆ ಕೆಲಸದವರನ್ನು ಇಳಿಸಬೇಡಿ. ಮೈಗೆ ಪುಡಿ ಬಿದ್ದರೆ ಮೊದಲು ಒಣಬಟ್ಟೆಯಲ್ಲಿ ಕೊಡವಿ, ಆಮೇಲೆ ಧಾರಾಳ ನೀರು. ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ನೀರು ಹರಿಸಿ ನೇರ ಆಸ್ಪತ್ರೆಗೆ. ಉಜ್ಜಬೇಡಿ, ಎಣ್ಣೆ ಹಾಕಬೇಡಿ.

## ಸುಣ್ಣ ಹಾಕಿದ ಮೇಲೆ ಚಿಗುರು ಹಳದಿಯಾಯಿತು

ನರ ಹಸಿರು, ಮಿಕ್ಕದ್ದು ಹಳದಿ ಅಥವಾ ಬಿಳಿ, ಅದೂ ಎಳೆ ಎಲೆಯಲ್ಲೇ ಎಂದರೆ ಕಬ್ಬಿಣ ಸಿಗುತ್ತಿಲ್ಲ. ಸುಣ್ಣ ಮಿತಿ ಮೀರಿದೆ. ಮೆಗ್ನೀಸಿಯಂ ಕೊರತೆಯೂ ಇದೇ ರೂಪದ್ದು, ಆದರೆ ಅದು ಹಳೆ ಎಲೆಯಲ್ಲಿ. ಇನ್ನು ಸುಣ್ಣ ನಿಲ್ಲಿಸಿ, ಕೊಟ್ಟಿಗೆ ಗೊಬ್ಬರ ಕೊಟ್ಟು ಒಂದು ಮಳೆಗಾಲ ಕಳೆಯಲು ಬಿಡಿ.

## ಬೋರ್ಡೋ ಹೊಡೆದ ಮೇಲೆ ಎಲೆ ಸುಟ್ಟಿತು

ಬೋರ್ಡೋ ಎಂದರೆ ಮೈಲುತುತ್ತಕ್ಕೆ ಸುಣ್ಣ ಕಲಸಿ ಮಾಡುವ ಶಿಲೀಂಧ್ರನಾಶಕ. ಇಲ್ಲಿ ಸುಣ್ಣ ಹೆಚ್ಚಾಗಿ ಅಲ್ಲ, ಕಡಿಮೆಯಾಗಿ ಬಂದ ತೊಂದರೆ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಆದರೆ ಅಂಗಡಿಯ ಸುಣ್ಣ ಹಳತಾಗಿ ಸತ್ವ ಕಳೆದುಕೊಂಡಿದ್ದರೆ ತೂಕ ಸರಿಯಿದ್ದರೂ ಪ್ರಯೋಜನವಿಲ್ಲ. ಕಲಸಿದ ಮೇಲೆ ಉಜ್ಜಿ ಹೊಳಪಾಗಿಸಿದ ಕತ್ತಿಯ ತುದಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪಗೆ ತಾಮ್ರ ಹತ್ತಿದ್ದರೆ ಇನ್ನೂ ಸುಣ್ಣದ ತಿಳಿ ಸೇರಿಸಿ, ಹತ್ತದಿರುವ ತನಕ.

## ಮಾಡಿದ್ದು ಫಲಿಸಿತೋ ಇಲ್ಲವೋ

ಕೆಟ್ಟ ಎಲೆ, ಕಪ್ಪಾದ ಕಾಯಿ ಮತ್ತೆ ಸರಿಯಾಗುವುದಿಲ್ಲ, ಅವುಗಳನ್ನು ನೋಡುತ್ತಾ ಕೂತರೆ ಔಷಧ ಕೆಲಸ ಮಾಡಲಿಲ್ಲ ಎಂದೇ ಅನಿಸುತ್ತದೆ. ಕಪ್ಪಾದ ಕಾಯಿ ಕಿತ್ತುಹಾಕಿ. ಚಿಕಿತ್ಸೆಯ ದಿನ ಮೊಗ್ಗಾಗಿದ್ದ ಹೂಗಳಿಗೆ ಒಂದು ಬಣ್ಣದ ನೂಲು ಕಟ್ಟಿ, ಎರಡು ಮೂರು ವಾರದ ನಂತರ ಆ ನೂಲಿನ ಕಾಯಿಗಳ ತುದಿಯನ್ನು ಮಾತ್ರ ತಿರುಗಿಸಿ ನೋಡಿ. ನುಣುಪಾಗಿ ಹಸಿರಿದ್ದರೆ ನೀರಿನ ಕ್ರಮ ಹಾಗೆಯೇ ಮುಂದುವರಿಸಿ. ಅವೂ ಕಪ್ಪಾಗಿದ್ದರೆ ಇನ್ನೊಂದು ಬಾಟಲಿ ಕೊಳ್ಳಬೇಡಿ, ಒಂದು ಗಿಡವನ್ನು ಬೇರು ಮಣ್ಣಿನ ಸಮೇತ ಚೀಲಕ್ಕೆ ಹಾಕಿ ಗೋಣಿಕೊಪ್ಪಲಿಗೋ ಚೆಟ್ಟಳ್ಳಿಗೋ ಕೊಂಡೊಯ್ಯಿರಿ. ಬರೀ ಎಲೆ ಹಿಡಿದು ಹೋದರೆ ಅವರೂ ಮೊದಲು ಕೇಳುವುದು ಬೇರನ್ನೇ.